ಅರವತ್ತು ವರ್ಷದ ನಂತರ ಅದೇ ಬಂಡೆ: ಪೆಸಿಫಿಕ್ ಗ್ರೋವ್ ಕಡಲತೀರದ ಮರುಸಮೀಕ್ಷೆ, ಒಂದು ಪ್ರಕರಣ ಅಧ್ಯಯನ

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ದಕ್ಷಿಣ ತುದಿಯಲ್ಲಿ ಪೆಸಿಫಿಕ್ ಗ್ರೋವ್ ಅನ್ನುವ ಸಣ್ಣ ಊರಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಪ್ಕಿನ್ಸ್ ಮರೀನ್ ಸ್ಟೇಷನ್ ಇರುವುದು ಅಲ್ಲೇ. 1892ರಲ್ಲಿ ಶುರುವಾದ ಈ ಕೇಂದ್ರ 1917ರಲ್ಲಿ ಈಗಿನ ಜಾಗಕ್ಕೆ ಬಂತು. ಅದರ ಮುಂದಿನ ಗ್ರಾನೈಟ್ ಬಂಡೆಗಳ ಮೇಲೆ 1931ರಿಂದ 1933ರವರೆಗೆ ವಿಲ್ಲಿಸ್ ಹೆವಾಟ್ ಎಂಬ ಸಂಶೋಧನಾ ವಿದ್ಯಾರ್ಥಿ ಕೂತು ಎಣಿಸಿದರು. ದಡದ ಕಡೆಯಿಂದ ನೀರಿನ ಕಡೆಗೆ 108 ಗಜ ಉದ್ದ, ಒಂದು ಗಜ ಅಗಲದ ಪಟ್ಟಿ. ಅದರಲ್ಲಿ ಒಂದೊಂದು ಗಜದ 108 ಚೌಕ. ಚೌಕದೊಳಗೆ ಯಾವ ಪ್ರಾಣಿ ಎಷ್ಟಿದೆ ಅಂತ ಲೆಕ್ಕ. ಪಟ್ಟಿ ಎಲ್ಲಿತ್ತು ಅನ್ನುವುದಕ್ಕೆ ಗುರುತಾಗಿ ಬಂಡೆಯಲ್ಲಿ ಹಿತ್ತಾಳೆ ಬೋಲ್ಟುಗಳನ್ನು ಬಿಟ್ಟರು.

1993ರಲ್ಲಿ ಅದೇ ಕೇಂದ್ರದ ಇಬ್ಬರು ಪದವಿ ವಿದ್ಯಾರ್ಥಿಗಳು, ರೇಫ್ ಸ್ಯಾಗರಿನ್ ಮತ್ತು ಸಾರಾ ಗಿಲ್ಮನ್, ಆ ಬೋಲ್ಟುಗಳನ್ನು ಹುಡುಕಿ ಹಿಡಿದರು. ಅವರ ಬೆನ್ನಿಗೆ ಚಕ್ ಬ್ಯಾಕ್ಸ್ಟರ್ ಮತ್ತು ಜಿಮ್ ಬ್ಯಾರಿ ಎಂಬ ಹಿರಿಯರಿದ್ದರು. ಹಳೆಯ ಪಟ್ಟಿಯ ಮೇಲೆ ಮತ್ತೆ ಚೌಕ ಇಟ್ಟು ಎಣಿಸಿದರು. ನಾಲ್ವರೂ ಸೇರಿ ಬರೆದ ವರದಿ 1995ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕಡಲು ಬಿಸಿಯಾದಂತೆ ತೀರದ ಜೀವಿಗಳು ಉತ್ತರಕ್ಕೆ ಸರಿಯುತ್ತಿವೆ ಅನ್ನುವುದಕ್ಕೆ ನೆಲದ ಮೇಲಿನ ಸಾಕ್ಷಿ ಕೊಟ್ಟ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು.

ಈ ಪ್ರಕರಣವನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣ ಅದರ ಹೆಸರಲ್ಲ. ತೀರದ ಸಮೀಕ್ಷೆ ಅಂದ ತಕ್ಷಣ ಎಲ್ಲರಿಗೂ ಮೊದಲು ನೆನಪಾಗುವುದು ಎಣಿಕೆ. ಆದರೆ ಎಣಿಕೆಯ ಬೆಲೆ ನಿಂತಿರುವುದು ಅದೇ ಕಲ್ಲಿನ ಹತ್ತಿರ ಇನ್ನೊಬ್ಬರು ವಾಪಸ್ ಬರಲು ಆಗುತ್ತದೆಯೇ ಅನ್ನುವುದರ ಮೇಲೆ. ಇಲ್ಲಿ ಅದು ಆಯಿತು. ಹೇಗಾಯಿತು, ಅದರಿಂದ ಎಷ್ಟನ್ನು ನಂಬಬಹುದು, ಎಷ್ಟನ್ನು ನಂಬಬಾರದು, ಇದೇ ಇಲ್ಲಿನ ವಿಷಯ.

ಜಾಗದ ಅದೃಷ್ಟ

ಮೂರು ಸಂಗತಿಗಳು ಒಂದೇ ಕಡೆ ಕೂಡಿಬಂದವು. ಒಂದು, ಬೋಲ್ಟುಗಳು. ಎರಡನೆಯದು ಉಷ್ಣತೆಯ ದಾಖಲೆ. ಪೆಸಿಫಿಕ್ ಗ್ರೋವ್‌ನ ದಡದಲ್ಲಿ 1919ರಿಂದ ದಿನವೂ ಕಡಲ ನೀರಿನ ಉಷ್ಣತೆ ಅಳೆದು ಬರೆದಿಡುವ ಪದ್ಧತಿ ಇದೆ. ಯಾವುದೋ ದೊಡ್ಡ ಸಿದ್ಧಾಂತ ಸಾಧಿಸಲು ಯಾರೂ ಅದನ್ನು ಶುರು ಮಾಡಲಿಲ್ಲ. ಸುಮ್ನೆ ದಿನದ ಕೆಲಸವಾಗಿ ನಡೆಯಿತು. ಆದ್ದರಿಂದಲೇ, ಹೆವಾಟ್ ಕಾಲದ ನೀರಿಗೂ 1993ರ ನೀರಿಗೂ ಎಷ್ಟು ವ್ಯತ್ಯಾಸ ಅಂತ ಊಹೆ ಮಾಡಬೇಕಾಗಲಿಲ್ಲ. ಅಳೆದ ಅಂಕಿಯೇ ಕೈಯಲ್ಲಿತ್ತು.

ಮೂರನೆಯದು ರಕ್ಷಣೆ. 1931ರಲ್ಲಿ ಪೆಸಿಫಿಕ್ ಗ್ರೋವ್‌ನ ಮೇಯರ್ ಆಗಿ ಆಯ್ಕೆಯಾದವರು ಜೂಲಿಯಾ ಪ್ಲಾಟ್. ಅವರು ಪ್ರಾಣಿಶಾಸ್ತ್ರಜ್ಞೆ. ಭ್ರೂಣದಲ್ಲಿ ತಲೆಯ ಮೃದ್ವಸ್ಥಿ ಎಲ್ಲಿಂದ ಹುಟ್ಟುತ್ತದೆ ಅನ್ನುವ ಬಗ್ಗೆ 1890ರ ದಶಕದಲ್ಲಿ ಮುಖ್ಯವಾದ ಕೆಲಸ ಮಾಡಿದ್ದರು. ಆದರೂ ವಿಶ್ವವಿದ್ಯಾಲಯದ ಕೆಲಸ ಸಿಗಲಿಲ್ಲ. ಊರ ರಾಜಕೀಯಕ್ಕೆ ಇಳಿದ ಆಕೆ ಕೇಂದ್ರದ ಮುಂದಿನ ತೀರವನ್ನು ಜೀವಿಗಳನ್ನು ಕೀಳುವಂತಿಲ್ಲದ ರಕ್ಷಿತ ಜಾಗವಾಗಿ ಮಾಡಿಸಿದರು. ಪಕ್ಕದಲ್ಲೇ ಸಾರ್ಡೀನ್ ಮೀನಿನ ಕ್ಯಾನರಿಗಳು, ಅಂದರೆ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು, ಜೋರಾಗಿ ನಡೆಯುತ್ತಿದ್ದ ಕಾಲ ಅದು. ಹೆವಾಟ್ ಎಣಿಸಲು ಶುರು ಮಾಡಿದ ವರ್ಷವೇ ಈ ರಕ್ಷಣೆಯೂ ಬಂತು. ಇಲ್ಲದಿದ್ದರೆ ಅರವತ್ತು ವರ್ಷದ ನಂತರ ಕಂಡ ಬದಲಾವಣೆ ನೀರಿನದ್ದೋ, ಜನರ ಕೈಯದ್ದೋ ಅಂತ ಹೇಳುವುದು ಕಷ್ಟವಾಗುತ್ತಿತ್ತು.

ಒಂದು ಚೌಕದೊಳಗೆ

ಒಂದು ಗಜದ ಚೌಕ ಅಂದರೆ ಸುಮಾರು 0.84 ಚದರ ಮೀಟರ್. ಕೇಳಲು ಚಿಕ್ಕದು. ಮಂಡಿಯೂರಿ ಕೂತರೆ ಮುಗಿಯುವುದೇ ಇಲ್ಲ.

ತೀರದ ಮೇಲ್ಭಾಗದ ಒಂದು ಚೌಕವನ್ನು ತೆಗೆದುಕೊಳ್ಳೋಣ. ಇಲ್ಲಿಗೆ ನೀರು ಬರುವುದು ದೊಡ್ಡ ಉಬ್ಬರದಲ್ಲಿ ಮಾತ್ರ. ಎಂಡೋಕ್ಲೇಡಿಯಾ ಎನ್ನುವ ಕೆಂಪು-ಕಂದು ಪಾಚಿಯ ಕುಚ್ಚುಗಳಿರುತ್ತವೆ. ಮುಟ್ಟಿದರೆ ಪಾತ್ರೆ ತಿಕ್ಕುವ ನಾರಿನ ಹಾಗೆ ಒರಟು. ಕುಚ್ಚಿನ ಸುತ್ತ ಬಂಡೆಗೆ ಕಚ್ಚಿಕೊಂಡ, ಗಟ್ಟಿ ಚಿಪ್ಪಿನ ಸಣ್ಣ ಪ್ರಾಣಿಗಳಾದ ಬಾರ್ನಕಲ್‌ಗಳು, ನಡುನಡುವೆ ಬಸವನಹುಳುವಿನ ಬಳಗದ, ಟೋಪಿ ಆಕಾರದ ಲಿಂಪೆಟ್‌ಗಳು. ಕುಚ್ಚನ್ನು ಬೆರಳಲ್ಲಿ ಬಿಡಿಸಿದರೆ ಅದರ ಬುಡದಲ್ಲಿ ತೇವ ಉಳಿದಿರುತ್ತದೆ. ಕಾಳಿನಷ್ಟು ಬಸವನಹುಳುಗಳು ಅಲ್ಲಿ ಬಿಸಿಲು ತಪ್ಪಿಸಿಕೊಂಡು ಕೂತಿರುತ್ತವೆ. ಮೇಲಿನಿಂದ ನೋಡಿ ಎಣಿಸಿದವನಿಗೆ ಇವು ಕಾಣುವುದೇ ಇಲ್ಲ. ಅದಕ್ಕೇ ಎಷ್ಟು ಆಳಕ್ಕೆ ಹುಡುಕಿದೆ ಅನ್ನುವುದನ್ನು ಸಂಖ್ಯೆಯ ಜೊತೆಗೇ ಬರೆಯಬೇಕು.

ಸ್ವಲ್ಪ ಕೆಳಗಿಳಿದರೆ ಕಪ್ಪು ಬಣ್ಣದ ಟೆಗುಲಾ ಬಸವನಹುಳುಗಳು ಬಂಡೆಯ ಸೀಳುಗಳಲ್ಲಿ ಗುಂಪುಗುಂಪಾಗಿ ಸಿಗುತ್ತವೆ. ಇವನ್ನು ಎಣಿಸುವುದು ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಚಿಪ್ಪು ಇದ್ದ ಮಾತ್ರಕ್ಕೆ ಒಳಗೆ ಟೆಗುಲಾ ಇರಲೇಬೇಕು ಅಂತೇನಿಲ್ಲ. ಸತ್ತ ಟೆಗುಲಾದ ಚಿಪ್ಪಿಗೆ ಸನ್ಯಾಸಿ ಏಡಿ ಬಂದು ಸೇರಿಕೊಂಡಿರುತ್ತದೆ. ಒಂದೊಂದನ್ನೂ ತಿರುಗಿಸಿ ಬಾಯಿ ನೋಡಬೇಕು. ದುಂಡನೆಯ ಮುಚ್ಚಳ ಕಂಡರೆ ಬಸವನಹುಳು, ಕಾಲು-ಕೊಂಬು ಕಂಡರೆ ಏಡಿ. ನೋಡಿದ ಮೇಲೆ ಇದ್ದಲ್ಲೇ ಇಡಬೇಕು. ಕಲ್ಲು ಎತ್ತಿ ನೋಡಿದರೂ ಅಷ್ಟೇ, ಹೇಗಿತ್ತೋ ಹಾಗೇ ಮಗುಚಬೇಕು. ಇಲ್ಲದಿದ್ದರೆ ಅಡಿಯಲ್ಲಿದ್ದವು ಬಿಸಿಲಿಗೆ ಸಾಯುತ್ತವೆ, ಮುಂದಿನ ಎಣಿಕೆಯೂ ಹಾಳು.

ಇನ್ನೂ ಕಷ್ಟದ್ದು ಗುಂಪಾಗಿ ಬೆಳೆಯುವ ಅನಿಮೋನ್, ಹೂವಿನಂತೆ ಕಾಣುವ ಮೆತ್ತನೆ ಮೈಯ ಕಡಲ ಪ್ರಾಣಿ. ನೀರಿಳಿದಾಗ ಅದು ತನ್ನನ್ನು ಒಳಕ್ಕೆ ಮಡಚಿಕೊಂಡು, ಮೈಗೆ ಮರಳು-ಚಿಪ್ಪಿನ ಚೂರು ಅಂಟಿಸಿಕೊಂಡು ಬಿದ್ದಿರುತ್ತದೆ. ನೋಡಿದರೆ ಒದ್ದೆ ಮರಳಿನ ಹಾಸು. ಅದು ತನ್ನನ್ನೇ ಎರಡಾಗಿ ಸೀಳಿಕೊಂಡು ಹೆಚ್ಚುವ ಪ್ರಾಣಿ. ಹಾಗಾಗಿ ಒಂದು ಹಾಸಿನಲ್ಲಿರುವ ನೂರಾರು ಮೈಗಳು ಒಂದೇ ಜೀವಿಯ ಪ್ರತಿಗಳಾಗಿರಬಹುದು. ಇದನ್ನು ಒಂದು ಅಂತ ಬರೆಯಬೇಕೋ, ನೂರು ಅಂತಲೋ? ಎರಡಕ್ಕೂ ವಾದ ಇದೆ. ಮುಖ್ಯವಾದದ್ದು ಇಷ್ಟೇ. ಮೊದಲು ಎಣಿಸಿದವರು ಯಾವುದನ್ನು ಎಣಿಸಿದರೋ ನಂತರ ಬಂದವರೂ ಅದನ್ನೇ ಎಣಿಸಬೇಕು.

ಕಡಲಪಾಚಿಯ ಲೆಕ್ಕ ಬೇರೆಯೇ ದಾರಿ ಹಿಡಿಯುತ್ತದೆ. ಅದನ್ನು ತಲೆ ಎಣಿಸಲು ಆಗುವುದಿಲ್ಲ. ಚೌಕಟ್ಟಿಗೆ ಅಡ್ಡ-ಉದ್ದ ದಾರ ಕಟ್ಟಿ, ದಾರಗಳು ಕೂಡುವ ಪ್ರತಿ ಬಿಂದುವಿನ ಕೆಳಗೆ ಏನಿದೆ ಅಂತ ಬರೆಯುತ್ತಾರೆ. ನೂರು ಬಿಂದುಗಳಲ್ಲಿ ಮೂವತ್ತರ ಕೆಳಗೆ ಒಂದು ಪಾಚಿ ಸಿಕ್ಕರೆ ಅದರ ಹೊದಿಕೆ ನೂರಕ್ಕೆ 30. ಎತ್ತರದ ಪಾಚಿಯ ಎಲೆಗಳನ್ನು ಸರಿಸಿ ಅಡಿಯಲ್ಲಿರುವ ಪದರವನ್ನೂ ಬರೆದರೆ ಒಟ್ಟು ನೂರು ದಾಟುವುದೂ ಉಂಟು. ಅದು ತಪ್ಪಲ್ಲ.

ಪಾಚಿಯಲ್ಲಿ ಇನ್ನೊಂದು ಬಲೆ ಇದೆ. ಈ ತೀರದಲ್ಲಿ ಮ್ಯಾಸ್ಟೋಕಾರ್ಪಸ್ ಎನ್ನುವ ಪಾಚಿ ಸಿಗುತ್ತದೆ. ಗುಳ್ಳೆಗುಳ್ಳೆ ಮೈಯ, ಕೈಯಲ್ಲಿ ಹಿಡಿಯಬಹುದಾದ ಎಲೆ. ಅದೇ ಬಂಡೆಯ ಮೇಲೆ ಡಾಂಬರು ಚೆಲ್ಲಿದಂಥ ಕಪ್ಪು ಪೊರೆಯೂ ಇರುತ್ತದೆ. ಬಹಳ ಕಾಲ ಆ ಪೊರೆಯನ್ನು ಪೆಟ್ರೋಸೀಲಿಸ್ ಎಂಬ ಬೇರೆಯೇ ಪಾಚಿ ಅಂದುಕೊಂಡಿದ್ದರು. ಎರಡೂ ಒಂದೇ ಜೀವಿಯ ಬದುಕಿನ ಎರಡು ಹಂತ ಅಂತ ಆಮೇಲೆ ಗೊತ್ತಾಯಿತು. ಹಳೆಯ ಪಟ್ಟಿಯಲ್ಲಿ ಎರಡು ಸಾಲು, ಹೊಸ ಪಟ್ಟಿಯಲ್ಲಿ ಒಂದು ಸಾಲು ಕಂಡರೆ ಒಂದು ಪಾಚಿ ಅಳಿದುಹೋಯಿತು ಅಂತ ಯಾರಾದರೂ ಬರೆದುಬಿಡಬಹುದು. ಪ್ರಾಣಿಗಳ ಹೆಸರುಗಳೂ ಹೀಗೇ ಬದಲಾಗುತ್ತವೆ. ಆರು ದಶಕ ಹಳೆಯ ಎಣಿಕೆಯನ್ನು ಕೈಗೆತ್ತಿಕೊಂಡವರು ಬಂಡೆಗೆ ಹೋಗುವ ಮೊದಲು ಹೆಸರುಗಳ ಈ ತಾಳೆ ನೋಡುವ ಕೆಲಸ ಮಾಡಲೇಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

1995ರ ವರದಿಯ ಹೋಲಿಕೆ ನಡೆದದ್ದು ಬೆನ್ನೆಲುಬಿಲ್ಲದ ಪ್ರಾಣಿಗಳ ಮೇಲೆ. ಪಾಚಿ ಆ ಅಂಕಿಗಳಲ್ಲಿ ಇಲ್ಲ. ಮುಂದಿನ ಮಾತುಗಳೆಲ್ಲ ಪ್ರಾಣಿಗಳ ಬಗ್ಗೆ.

ಅಂಕಿಗಳು ಹೇಳಿದ್ದು

ಜೀವಿಗಳನ್ನು ಅವು ಹರಡಿರುವ ವ್ಯಾಪ್ತಿ ನೋಡಿ ಮೂರು ಗುಂಪು ಮಾಡಿದರು. ಬೆಚ್ಚನೆಯ ದಕ್ಷಿಣದ ತೀರದಲ್ಲಿ ಹೆಚ್ಚಾಗಿ ಇರುವವು, ತಣ್ಣನೆಯ ಉತ್ತರದವು, ಎರಡೂ ಕಡೆ ದೂರದವರೆಗೆ ಇರುವವು. ಮೊದಲ ವರದಿಯಲ್ಲಿ 45 ಜೀವಿಗಳಿದ್ದವು. ದಕ್ಷಿಣದ 9ರಲ್ಲಿ 8 ಹೆಚ್ಚಾಗಿದ್ದವು. ಉತ್ತರದ 8ರಲ್ಲಿ 5 ಕಡಿಮೆಯಾಗಿದ್ದವು. ಎರಡೂ ಕಡೆ ಇರುವ ಗುಂಪಿನಲ್ಲಿ ಯಾವ ಒಲವೂ ಕಾಣಲಿಲ್ಲ. ದಡದ ನೀರಿನ ವಾರ್ಷಿಕ ಸರಾಸರಿ ಉಷ್ಣತೆ 60 ವರ್ಷದಲ್ಲಿ 0.75 ಡಿಗ್ರಿ ಸೆಲ್ಸಿಯಸ್ ಏರಿತ್ತು. ಬೇಸಿಗೆಯ ಗರಿಷ್ಠ ಉಷ್ಣತೆಯ ಸರಾಸರಿ 1921–31ಕ್ಕಿಂತ 1983–93ರಲ್ಲಿ 2.2 ಡಿಗ್ರಿ ಜಾಸ್ತಿ ಇತ್ತು.

ಇಲ್ಲಿ ಒಂದು ಜೀವಿಯನ್ನು ಹೆಸರಿಸಬೇಕು. ಸರ್ಪುಲೋರ್ಬಿಸ್ ಅಂತ ಒಂದು ಬಸವನಹುಳು ಇದೆ. ಈಗ ಅದರ ಹೆಸರು ಥೈಲಕೋಡಿಸ್. ಇದು ತೆವಳುವುದಿಲ್ಲ. ಹುಳುವಿನಂಥ ಸುರುಳಿ ಕೊಳವೆ ಕಟ್ಟಿಕೊಂಡು ಬಂಡೆಗೆ ಅಂಟಿ ಬದುಕುತ್ತದೆ. ದಕ್ಷಿಣದ ಜೀವಿ. ಹೆವಾಟ್ ಕಾಲದಲ್ಲಿ ಈ ಪಟ್ಟಿಯಲ್ಲಿ ಲೆಕ್ಕಕ್ಕೇ ಸಿಗದಂತಿದ್ದದ್ದು, 1990ರ ದಶಕದಲ್ಲಿ ಒಂದಕ್ಕೊಂದು ಹೆಣೆದ ಕೊಳವೆಗಳ ಗುಂಪುಗಳಾಗಿ ಬೆಳೆದಿತ್ತು. ಕಣ್ಣಿಗೆ ಬೀಳದೆ ತಪ್ಪಿಹೋಗುವಂಥ ಜೀವಿ ಅಲ್ಲ ಅದು. ಹೆವಾಟ್ ಚೌಕದೊಳಗಿನದ್ದೆಲ್ಲವನ್ನೂ ಎಣಿಸಿದ್ದರಿಂದ ಅವರ ಪಟ್ಟಿಯಲ್ಲಿ ಒಂದು ಜೀವಿ ಇಲ್ಲ ಅಂದರೂ ಅದಕ್ಕೆ ಅರ್ಥ ಇದೆ. ಕಂಡದ್ದನ್ನಷ್ಟೇ ಬರೆದ ಪಟ್ಟಿಗೆ ಈ ಬಲ ಇರುವುದಿಲ್ಲ.

ಈಗ ಅಂಕಿಗಳನ್ನು ಸ್ವಲ್ಪ ಒರೆಗೆ ಹಚ್ಚೋಣ. ಏರಿಕೆ-ಇಳಿಕೆ ಬರೀ ಆಕಸ್ಮಿಕ ಅಂದುಕೊಳ್ಳಿ. ಪ್ರತಿ ಜೀವಿಗೂ ನಾಣ್ಯ ಚಿಮ್ಮಿದ ಹಾಗೆ. 9ರಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಒಂದೇ ಕಡೆ ಬೀಳುವ ಸಾಧ್ಯತೆ 512ರಲ್ಲಿ 10, ಅಂದರೆ ನೂರಕ್ಕೆ ಸುಮಾರು 2. ಇದು ಗಟ್ಟಿ ಸಾಕ್ಷಿ. ಆದರೆ 8ರಲ್ಲಿ 5 ಅಥವಾ ಹೆಚ್ಚು ಬೀಳುವ ಸಾಧ್ಯತೆ 256ರಲ್ಲಿ 93, ನೂರಕ್ಕೆ 36. ಇದು ಆಕಸ್ಮಿಕವಾಗಿಯೂ ಆರಾಮಾಗಿ ಬರುತ್ತದೆ. ಎರಡೂ ವಾಕ್ಯಗಳನ್ನು ಒಂದೇ ಉಸಿರಲ್ಲಿ ಹೇಳಿದಾಗ ಎರಡೂ ಸಮ ತೂಕದವು ಅನ್ನಿಸುತ್ತದೆ. ಸಮ ಅಲ್ಲ. ಈ ಪ್ರಕರಣದ ಜೀವ ಇರುವುದು ದಕ್ಷಿಣದವು ಬಂದದ್ದರಲ್ಲಿ. ಉತ್ತರದವು ಹೋದದ್ದು ಅದಕ್ಕೆ ಒಪ್ಪುವ, ಆದರೆ ತನ್ನಷ್ಟಕ್ಕೆ ನಿಲ್ಲದ ಸಾಕ್ಷಿ.

ತಂಡ ಅಷ್ಟಕ್ಕೇ ನಿಲ್ಲಿಸಲಿಲ್ಲ ಅನ್ನುವುದು ನನಗೆ ತುಂಬಾ ಹಿಡಿಸಿದ ವಿಷಯ. ಮೊದಲ ವರದಿ 19 ಚೌಕಗಳ ಮೇಲೆ ನಿಂತಿತ್ತು. 1996ರವರೆಗೂ ಎಣಿಸಿ ಅದನ್ನು 57 ಚೌಕಕ್ಕೆ ಏರಿಸಿದರು. 1999ರ ದೊಡ್ಡ ವರದಿಯಲ್ಲಿ 62 ಜೀವಿಗಳಲ್ಲಿ 46ರ ಸಂಖ್ಯೆ ಗಣನೀಯವಾಗಿ ಬದಲಾಗಿತ್ತು. ದಕ್ಷಿಣದ 11ರಲ್ಲಿ 10 ಹೆಚ್ಚಾಗಿದ್ದವು, ಉತ್ತರದ 7ರಲ್ಲಿ 5 ಕಡಿಮೆಯಾಗಿದ್ದವು. ಎರಡೂ ಕಡೆ ಇರುವ ಗುಂಪಿನಲ್ಲಿ 12 ಏರಿದ್ದವು, 16 ಇಳಿದಿದ್ದವು. ಚೌಕಗಳು ಮೂರು ಪಟ್ಟಾದರೂ ಚಿತ್ರ ಅದೇ ಉಳಿಯಿತು. ದಕ್ಷಿಣದ ಸಾಕ್ಷಿ ಇನ್ನಷ್ಟು ಗಟ್ಟಿಯಾಯಿತು, ಉತ್ತರದ್ದು ಹಾಗೇ ಸಡಿಲವಾಗಿಯೇ ಇದೆ.

ಬೇರೆ ಕಾರಣ ಇರಬಹುದಲ್ಲ?

ಆರು ದಶಕದಲ್ಲಿ ಬದಲಾದದ್ದು ಉಷ್ಣತೆ ಒಂದೇ ಅಲ್ಲ. 1930ರ ದಶಕದಲ್ಲಿ ಮಾಂಟೆರೆಯ ಕ್ಯಾನರಿಗಳ ಕೊಳೆ ಕಡಲಿಗೆ ಸೇರುತ್ತಿತ್ತು. ಮುಂದೆ ಸಾರ್ಡೀನ್ ಮುಗಿದು ಅವು ಮುಚ್ಚಿದವು. ತುಪ್ಪಳಕ್ಕಾಗಿ ಬೇಟೆಯಾಡಿ ಬಹುತೇಕ ಅಳಿಸಿಹಾಕಿದ್ದ ಕಡಲ ನೀರುನಾಯಿಗಳು 1960ರ ದಶಕದಲ್ಲಿ ಮಾಂಟೆರೆಗೆ ವಾಪಸ್ ಬಂದವು. ಅವು ಅಬಲೋನ್ ಎಂಬ ದೊಡ್ಡ ಚಿಪ್ಪುಜೀವಿ, ಮೈತುಂಬ ಮುಳ್ಳಿನ ಸೀ ಅರ್ಚಿನ್, ಏಡಿಗಳನ್ನು ತಿಂದು ತೀರದ ಲೆಕ್ಕವನ್ನೇ ತಿರುವುಮುರುವು ಮಾಡಬಲ್ಲವು. 1982–83ರಲ್ಲಿ ದೊಡ್ಡ ಎಲ್ ನಿನೋ, ಅಂದರೆ ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರ ಬೆಚ್ಚಗಾಗುವ ವಿದ್ಯಮಾನ, ಬಂದು ನೀರನ್ನು ಬಿಸಿ ಮಾಡಿ ಹೋಯಿತು.

ಇವನ್ನೆಲ್ಲ ಒಂದೊಂದಾಗಿ ತಳ್ಳಿಹಾಕಲು ಆಗುವುದಿಲ್ಲ. ಆದರೆ ಈ ಅಧ್ಯಯನದ ಜಾಣತನ ಇರುವುದು ಗುಂಪು ಮಾಡಿದ ರೀತಿಯಲ್ಲಿ. ನೀರುನಾಯಿ ತನ್ನ ಊಟವನ್ನು ದಕ್ಷಿಣದ್ದು, ಉತ್ತರದ್ದು ಅಂತ ವಿಂಗಡಿಸಿ ತಿನ್ನುವುದಿಲ್ಲ. ಕ್ಯಾನರಿಯ ಕೊಳೆಯೂ ಹಾಗೆ ಆರಿಸಿ ಕೊಲ್ಲುವುದಿಲ್ಲ. ಹೆಚ್ಚಾದ ದಕ್ಷಿಣದ ಜೀವಿಗಳು ಒಂದೇ ಕುಟುಂಬದವಲ್ಲ. ಅವುಗಳ ಊಟ ಒಂದಲ್ಲ, ಬದುಕುವ ರೀತಿಯೂ ಒಂದಲ್ಲ. ಅವಕ್ಕೆ ಸಮಾನವಾಗಿರುವುದು ಬೆಚ್ಚನೆಯ ನೀರಿನ ತವರು ಮಾತ್ರ. ಇದಕ್ಕೆ ಉಷ್ಣತೆಯಷ್ಟು ಸರಿಯಾಗಿ ಕೂರುವ ವಿವರಣೆ ನನಗೆ ಬೇರೆ ಕಾಣುವುದಿಲ್ಲ.

ಹಾಗಿದ್ದೂ ಎರಡು ಆಕ್ಷೇಪಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೊದಲನೆಯದು, ಇದು ಎರಡೇ ಕಾಲದ ಚಿತ್ರ. ನಡುವಿನ ಅರವತ್ತು ವರ್ಷದಲ್ಲಿ ಏನಾಯಿತು ಅಂತ ಈ ಎಣಿಕೆ ಹೇಳುವುದಿಲ್ಲ. ಪೆಸಿಫಿಕ್ ಸಾಗರ ದಶಕಗಟ್ಟಲೆ ಬೆಚ್ಚಗೆ, ದಶಕಗಟ್ಟಲೆ ತಣ್ಣಗೆ ಇರುವ ಸ್ವಭಾವದ್ದು. 1976–77ರ ಹೊತ್ತಿಗೆ ಅದು ಬೆಚ್ಚನೆಯ ಕಡೆಗೆ ಹೊರಳಿತು. ಜೀವಿಗಳು ನಿಧಾನವಾಗಿ ಸರಿದವೋ, ಆ ಹೊರಳಿನಲ್ಲಿ ಒಮ್ಮೆಗೇ ಬಂದವೋ? ಎರಡು ಬಿಂದುಗಳಿಂದ ಗೆರೆ ಎಳೆಯಬಹುದು, ದಾರಿ ತಿಳಿಯುವುದಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ತೀರದ ಬಂಡೆಯ ಜೀವಿ ಎರಡು ಹವೆಯಲ್ಲಿ ಬದುಕುತ್ತದೆ. ಅರ್ಧ ಹೊತ್ತು ನೀರಲ್ಲಿ, ಅರ್ಧ ಹೊತ್ತು ಗಾಳಿ-ಬಿಸಿಲಲ್ಲಿ. ಬ್ರಯಾನ್ ಹೆಲ್ಮತ್ ಮತ್ತು ಸಂಗಡಿಗರು ಪೆಸಿಫಿಕ್ ತೀರದ ಉದ್ದಕ್ಕೂ ಪಚ್ಚಿಲೆಯ ಜಾತಿಯ ಚಿಪ್ಪುಜೀವಿಗಳ ಮೈ ಎಷ್ಟು ಬಿಸಿಯಾಗುತ್ತದೆ ಅಂತ ನೋಡಿ 2002ರಲ್ಲಿ ಬರೆದರು. ದಕ್ಷಿಣಕ್ಕೆ ಹೋದಷ್ಟೂ ಬಿಸಿ ಅನ್ನುವ ಸರಳ ಲೆಕ್ಕ ಅಲ್ಲಿ ನಿಲ್ಲಲಿಲ್ಲ. ಉತ್ತರದ ಕೆಲವು ಕಡೆ ಬೇಸಿಗೆಯ ದೊಡ್ಡ ಇಳಿತ ನಡು ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ಮಧ್ಯಭಾಗದಲ್ಲಿ ಅದು ಬೆಳಗಿನ ಜಾವ ಬರುತ್ತದೆ, ಬಿಸಿಲೇರುವಷ್ಟರಲ್ಲಿ ನೀರು ವಾಪಸ್. ಹಾಗಾಗಿ ಉತ್ತರದ ಬಂಡೆಯ ಮೇಲಿನದ್ದೇ ಜಾಸ್ತಿ ಬೇಯುತ್ತದೆ. ಪೆಸಿಫಿಕ್ ಗ್ರೋವ್‌ನಲ್ಲಿ ಬೇಸಿಗೆಯ ಇಳಿತ ಬೆಳಗಿನ ಜಾವದ್ದು ಆದ್ದರಿಂದ ಅಲ್ಲಿ ನೀರಿನ ಉಷ್ಣತೆಯನ್ನೇ ಅಳತೆಗೋಲು ಮಾಡಿದ್ದು ಸರಿ ಅಂತ ನಾನು ಓದಿಕೊಳ್ಳುತ್ತೇನೆ. ಆದರೆ ಅದೇ ಅಳತೆಗೋಲನ್ನು ಬೇರೆ ತೀರಕ್ಕೆ ಹಾಗೇ ಹೊತ್ತೊಯ್ಯುವ ಹಾಗಿಲ್ಲ.

ನಂತರ ನಡೆದದ್ದೂ ಈ ಓದಿಗೆ ಬಲ ಕೊಟ್ಟಿದೆ. 2014ರಿಂದ 2016ರವರೆಗೆ ಆ ಕಡಲಿನಲ್ಲಿ ಉಷ್ಣ ಅಲೆ ಬಂದಾಗ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ದಕ್ಷಿಣದ 67 ಜೀವಿಗಳು ಕಂಡವು. ಅವುಗಳಲ್ಲಿ 37, ಅದುವರೆಗೆ ಗೊತ್ತಿದ್ದ ಉತ್ತರದ ಗಡಿಯನ್ನೇ ದಾಟಿ ಬಂದಿದ್ದವು. ಹೊಸದು ಬಂದದ್ದು ಅಂತ ಹೇಳಲು ಆಗಿದ್ದು ಮೊದಲು ಎಲ್ಲಿಯವರೆಗೆ ಇತ್ತು ಅಂತ ಯಾರೋ ನೋಡಿ ಬರೆದಿಟ್ಟಿದ್ದರಿಂದ. ರೇಫ್ ಸ್ಯಾಗರಿನ್ 2015ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಈ 67 ಜೀವಿಗಳ ಬಗ್ಗೆ ಬಂದ ವರದಿ ಅವರಿಗೆ ನೋಡಲು ಸಿಗಲಿಲ್ಲ.

ನಮ್ಮ ತೀರದಲ್ಲಿ ಮಾಡುವುದಾದರೆ

ಕಾರವಾರ, ಗೋಕರ್ಣ, ಭಟ್ಕಳ, ಸೋಮೇಶ್ವರದಲ್ಲಿ ಮರಳಿನ ನಡುವೆ ಬಂಡೆಯ ತುಂಡುಗಳಿವೆ. ಕಾಲೇಜಿನವರು, ಆಸಕ್ತರು ಇಳಿತ ನೋಡಿಕೊಂಡು ಹೋಗಿ ಪಟ್ಟಿ ಮಾಡುತ್ತಾರೆ. ಅದು ಒಳ್ಳೆಯದೇ. ಆದರೆ ಹೆವಾಟ್ ಪಟ್ಟಿಯ ಬಲ ಬರಬೇಕಾದರೆ ಕೆಲವು ವಿಷಯ ಇಲ್ಲಿಗೆ ತಕ್ಕ ಹಾಗೆ ಬದಲಾಗಬೇಕು.

ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಒಂದು ಗಜದ ಚೌಕವನ್ನು ಅದರಿಂದ ಮತ್ತೆ ಹುಡುಕಲು ಆಗುವುದಿಲ್ಲ. ಬಂಡೆಯಲ್ಲೇ ಗುರುತು ಬೇಕು. ಸೇಂಟ್ ಮೇರೀಸ್ ದ್ವೀಪದಂಥ ಕಡೆ ಬೋಲ್ಟು ಹೊಡೆಯುವ ಮಾತೇ ಇಲ್ಲ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಕಂಬದಂಥ ಕಲ್ಲುಗಳ ಸೀಳು, ಮೂಲೆಗಳನ್ನೇ ಗುರುತಾಗಿಟ್ಟುಕೊಂಡು, ಎರಡು ಸ್ಥಿರ ಬಿಂದುಗಳಿಂದ ಟೇಪಿನಲ್ಲಿ ಅಳೆದು, ಹತ್ತಿರದಿಂದಲೂ ದೂರದಿಂದಲೂ ಫೋಟೊ ತೆಗೆದಿಡಬೇಕು.

ಕಾಲವೂ ಬೇರೆ. ಜೂನ್‌ನಿಂದ ಮಳೆಗಾಲದ ಅಲೆ ಬಂಡೆಯ ಹತ್ತಿರಕ್ಕೂ ಬಿಡುವುದಿಲ್ಲ. ಹೊಳೆಯ ಸಿಹಿನೀರು ತೀರದ ಉಪ್ಪನ್ನು ಇಳಿಸುತ್ತದೆ. ಪಾಚಿ ಚೆನ್ನಾಗಿ ಬೆಳೆಯುವುದು ಮಳೆ ಮುಗಿದ ಮೇಲೆ. ಒಂದು ವರ್ಷ ಡಿಸೆಂಬರ್‌ನಲ್ಲಿ, ಇನ್ನೊಂದು ವರ್ಷ ಮೇ ತಿಂಗಳಲ್ಲಿ ಎಣಿಸಿ ಹೋಲಿಸಿದರೆ ಕಾಣುವುದು ಋತುವಿನ ವ್ಯತ್ಯಾಸ, ವರ್ಷಗಳದ್ದಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ, ನಮ್ಮ ಬಂಡೆಗಳಿಂದ ಜನ ಪಚ್ಚಿಲೆ ಕೀಳುತ್ತಾರೆ. ಅದು ಅವರ ಊಟ, ಸಂಪಾದನೆ. ಜೂಲಿಯಾ ಪ್ಲಾಟ್ ಮಾಡಿದಂತೆ ಬೇಲಿ ಹಾಕುವುದು ಇಲ್ಲಿನ ದಾರಿ ಆಗಬೇಕಿಲ್ಲ. ಆದರೆ ಯಾವ ಬಂಡೆಯಿಂದ, ಯಾವ ತಿಂಗಳಲ್ಲಿ, ಸುಮಾರು ಎಷ್ಟು ಕೀಳುತ್ತಾರೆ ಅಂತ ಅವರನ್ನೇ ಕೇಳಿ, ಎಣಿಕೆಯ ಪುಸ್ತಕದಲ್ಲೇ ಆ ದಿನದ ಚೌಕದ ಪಕ್ಕದಲ್ಲೇ ಬರೆಯಬೇಕು.